ಗುರುವಾರ ಹುಟ್ಟಿದವನು

ಕುಮಾಸಿಯ ನರ್ಸಿಂಗ್ ಶಾಲೆಗೆ ಮರದ ಪೆಟ್ಟಿಗೆಯೊಳಗೆ
ಅವನು ಬಂದಿಳಿದದ್ದು ಗುರುವಾರ.
ಹಾಗಾಗಿ ಯಾವ್.
ನಮ್ಮಲ್ಲಿ ಹುಟ್ಟಿದ ವಾರವೇ ಮೊದಲ ಹೆಸರು,
ಹೊಟ್ಟೆಯಿಂದ ಬಂದರೇನು, ಹಡಗಿನಿಂದ ಬಂದರೇನು.

ಚಳಿ ದೇಶದ ರಬ್ಬರು, ಬೇಯದ ಹಿಟ್ಟಿನ ಬಣ್ಣ.
ಕಣ್ಣು ಮಿಟುಕಿಸುತ್ತಾನೆ, ಎದೆ ಏರಿಳಿಯುತ್ತದೆ,
ಮಣಿಕಟ್ಟಿನಲ್ಲಿ ನಾಡಿಯೂ ಉಂಟು.
ನಾಲಿಗೆ ಮಾತ್ರ ನಾನು.
ಗಾಜಿನ ಗೋಡೆಯಾಚೆ ಮೈಕಿನ ಮುಂದೆ ಕೂತು,
ಒಂದು ಕಾಲದಲ್ಲಿ ಕೆಜೆಟಿಯಾದಲ್ಲಿ ವ್ಯಾನಿನ ಬಾಗಿಲಿಗೆ ಜೋತು
"ಅಕ್ರಾ, ಅಕ್ರಾ, ಅಕ್ರಾ" ಎಂದು ಕೂಗುತ್ತಿದ್ದವನು
ಈಗ ತಿಂಗಳ ಸಂಬಳಕ್ಕೆ ನರಳುತ್ತೇನೆ.

ಸೋಮವಾರ ಅವನಿಗೆ ಮಲೇರಿಯಾ.
ಮಂಗಳವಾರ ಲಾರಿಯಡಿ ಸಿಕ್ಕ ತೊಡೆ.
ಬುಧವಾರ ತಲೆಗೊಂದು ವಿಗ್ಗು, ಹೊಟ್ಟೆಗೊಂದು ದಿಂಬು,
ಹೆರಿಗೆ ನೋವು; ಅದನ್ನು ನಾನು
ನನ್ನ ಹೆಂಡತಿಯನ್ನು ಕೇಳಿ ಕಲಿತೆ.
ನಕ್ಕಳು, ಆಮೇಲೆ ನಗಲಿಲ್ಲ.

ಕೆಂಪು ಬಣ್ಣದ ಶೀಶೆ ಖಾಲಿಯಾದ ತಿಂಗಳು
ರಕ್ತನಾಳಕ್ಕೆ ಸೋಬೊಲೊ ತುಂಬಿದೆವು,
ಪುಂಡಿ ಹೂವಿನ ಪಾನಕ, ಶುಂಠಿ ಹಾಕಿದ್ದು,
ಕ್ಯಾಂಟೀನಿನ ಆಂಟಿ ಅಫ್ರಾ ಸೋಸಿ ಕೊಟ್ಟದ್ದು.
ಸೂಜಿ ಚುಚ್ಚಿದಲ್ಲೆಲ್ಲ ಸಿಹಿ ಒಸರಿ
ಬೆಳಗಾಗುವಷ್ಟರಲ್ಲಿ ಮೊಣಕೈಯಿಂದ ಬೆರಳವರೆಗೆ ಇರುವೆ ಸಾಲು.
ಮೇಡಂ ಸೆರ್ವಾ ಬೊನ್ನಾ ಕನ್ನಡಕ ಏರಿಸಿ ನೋಡಿ
"ಸಕ್ಕರೆ ಕಾಯಿಲೆ ಪಾಠ ಇವತ್ತೇ ಮುಗಿಸಿಬಿಡೋಣ" ಅಂದರು.

ಪರೀಕ್ಷೆಯ ದಿನ ಎದೆನೋವು.
ನನ್ನ ಹಾಳೆಯಲ್ಲಿ ನಾಲ್ಕನೇ ಪುಟ:
ರೋಗಿ ದಾದಿಯ ಕೈ ಹಿಡಿದು ಕೇಳುತ್ತಾನೆ, ನಾನು ಸಾಯ್ತೀನಾ.
ಹಿಡಿಯಲು ಅವನಿಗೆ ಬೆರಳು ಮಡಿಸಲು ಬಾರದು.
ಕೇಳುವುದನ್ನು ನಾನು ಟ್ವಿಯಲ್ಲೇ ಕೇಳುತ್ತೇನೆ,
ಯಾರು ಇಂಗ್ಲಿಷಿನಲ್ಲಿ ಸಾಯುತ್ತಾರೆ:
"ಮೆರೆವು ಅನಾ?"

ಮೊದಲ ಹುಡುಗ "ಇಲ್ಲ ಇಲ್ಲ ಇಲ್ಲ" ಅಂದ,
ಸಾಲಗಾರನಿಗೆ ಹೇಳುವ ಹಾಗೆ.
ಎರಡನೆಯವಳು "ಡಾಕ್ಟರು ಬಂದು ಹೇಳ್ತಾರೆ."
ಮೂರನೆಯವಳಿಗೆ ನಗು ಉಕ್ಕಿ ಹೊರಗೆ ಓಡಿದಳು.
ನಾಲ್ಕನೆಯವಳು ಜಿಫಾ, ವೋಲ್ಟಾ ಸೀಮೆಯಿಂದ ಬಂದ ಎವೆ ಹುಡುಗಿ,
ಅವಳ ಟ್ವಿಗೆ ಇನ್ನೂ ಮೂರೇ ತಿಂಗಳು ವಯಸ್ಸು.
ಕೇಳಿದೆ.
ಬಾಯಿ ತೆರೆದಳು.
ಕರೆಂಟು ಹೋಯಿತು.

ಡುಮ್ಸೊ ನಮಗೆ ಹೊಸತಲ್ಲ.
ಆರುವುದಕ್ಕೂ ಹೊತ್ತುವುದಕ್ಕೂ ಸೇರಿ ಒಂದೇ ಮಾತು ಮಾಡಿಕೊಂಡ ಜನ ನಾವು.
ಆದರೆ ಆ ಸಂಜೆ ಯಾವ್‌ನ ಎದೆ
ಒಳಗೆಳೆದ ಉಸಿರನ್ನು ಒಳಗೇ ಇಟ್ಟುಕೊಂಡು ನಿಂತಿತು.
ಮೈಕೂ ಸತ್ತಿತು, ನನ್ನ ಗುಂಡಿಗಳೂ ಸತ್ತವು.
ಆ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದು ಕೂತರು,
ಯಾರೋ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು,
"ಬರಲಿ ಬಿಡು" ಅಂದರು.

ಕತ್ತಲಲ್ಲಿ ಗಾಜಿನಾಚೆಯಿಂದ ಒಂದು ದನಿ,
"ಡೆಕಾ, ಎವೆ, ಎತೋ, ಎನೆ"
ತಾಯಿ ನುಡಿಯ ಎಣಿಕೆ, ಒಂದೊಂದು ಎಣಿಕೆಗೂ
ಮಂಚ ಒಂದು ಸಲ ಕಿರ್ರೆನ್ನುವುದು.
ಮೂವತ್ತಕ್ಕೆ ನಿಂತಿತು. ಎರಡು ಸಲ ಊದಿದ ಸದ್ದು.
ಮತ್ತೆ ಡೆಕಾ.
ನಾನು ಉತ್ತರ ಕೇಳಿಸಿಕೊಳ್ಳುವವನ ಹಾಗೆ
ಹಣೆಯನ್ನು ಗಾಜಿಗೆ ಒತ್ತಿ ನಿಂತಿದ್ದೆ.

ಜನರೇಟರು ಗೊಗ್ಗರು ದನಿಯಲ್ಲಿ ಎದ್ದಾಗ ಹನ್ನೊಂದು ನಿಮಿಷ.
ಅವಳ ತೋಳು ಇನ್ನೂ ನೆಟ್ಟಗೆ,
ಗಲ್ಲದ ಬೆವರು ತೊಟ್ಟಿಕ್ಕಿ ರಬ್ಬರಿನ ಎದೆ ಮೇಲೆ.
ನನ್ನ ಪರದೆ ಬೆಳಗಿ ಕೇಳಿತು:
ಹೊಸ ರೋಗಿಯೋ, ಹಳಬನೇ ಮುಂದುವರಿಯಲೋ?
ಹಳಬನನ್ನೇ ಒತ್ತಿದೆ.
ಹಾಳೆಯಲ್ಲಿ ಮುಂದಿನ ಮಾತು ಬೇರೆ ಇತ್ತು. ನಾನು ಕೆಮ್ಮಿದೆ,
ನೀರಲ್ಲಿ ಮುಳುಗಿ ಎದ್ದವನು ಕೆಮ್ಮುವ ಹಾಗೆ.
ಜಿಫಾ ಹಿಂದಕ್ಕೆ ಸರಿದು ಕೂತುಬಿಟ್ಟಳು, ನೆಲದ ಮೇಲೆ.

ಮೇಡಂ ಅಂಕಪಟ್ಟಿಯ ಮೇಲೆ ಬಹಳ ಹೊತ್ತು ಪೆನ್ನು ಹಿಡಿದಿದ್ದರು.
ಪ್ರಶ್ನೆಗೆ ಉತ್ತರ ಎಂಬ ಚೌಕವನ್ನು ಖಾಲಿ ಬಿಟ್ಟರು.
ಆಮೇಲೆ ಎರಡು ಅಂಕ ಕಳೆದರು,
ಗ್ಲವ್ಸಿಲ್ಲ, ಕೈ ತೊಳೆದಿಲ್ಲ.
"ಸರಿ ಮೇಡಂ" ಎಂದು ಎದ್ದು ಹೋಗಿ
ಮೂಲೆಯ ನಲ್ಲಿ ತಿರುವಿದಳು.
ಪಂಪು ಇನ್ನೂ ನೀರೆತ್ತಿರಲಿಲ್ಲ.